ಸಮ್ಮಟಿಗೆಯ ಮಾತು

ಕುಲುಮೆಯಲ್ಲಿ ಕಮ್ಮಾರನ ಕೈಯಲ್ಲಿರುವುದು ಚಿಕ್ಕ ಸುತ್ತಿಗೆ. ಎದುರಿಗೆ ನಿಂತವನು ಎರಡೂ ಕೈಯಿಂದ ಎತ್ತಿ ಬಡಿಯುವುದು ಸಮ್ಮಟಿಗೆ. ಇಂಗ್ಲಿಷಿನ ಸ್ಲೆಡ್ಜ್ ಹ್ಯಾಮರ್ ಅಂದರೆ ಈ ಸಮ್ಮಟಿಗೆಯೇ. ಕ್ರಿಕೆಟ್ ಮೈದಾನದಲ್ಲಿ ಎದುರಾಳಿಯನ್ನು ಮಾತಿನಿಂದ ಬಡಿಯುವುದಕ್ಕೆ ಬಿದ್ದ ‘ಸ್ಲೆಡ್ಜಿಂಗ್’ ಎಂಬ ಹೆಸರು ಅಲ್ಲಿಂದ ಬಂತು. ಹಿಮದ ಮೇಲೆ ಜಾರುವ ಸ್ಲೆಡ್ಜ್ ಬಂಡಿಗೂ ಇದಕ್ಕೂ ಸದ್ದಿನ ಹೋಲಿಕೆಯಷ್ಟೇ, ನೆಂಟಸ್ತಿಕೆ ಇಲ್ಲ. ಬಂಡಿಯ ಹೆಸರು ಡಚ್ಚರಿಂದ ಬಂದದ್ದು, ಅದರ ಬೇರಿನಲ್ಲಿರುವುದು ಜಾರುವಿಕೆ. ಸುತ್ತಿಗೆಯ ಹೆಸರು ಹಳೆಯ ಇಂಗ್ಲಿಷಿನದು, ಅದರ ಬೇರಿನಲ್ಲಿರುವುದು ಹೊಡೆತ.

ಆ ಬೇರಿನಿಂದ ಒಡೆದ ಟಿಸಿಲುಗಳನ್ನು ನೋಡಬೇಕು. ಕೊಲ್ಲು ಎಂಬರ್ಥದ ‘ಸ್ಲೇ’ ಅಲ್ಲಿಯದೇ. ಕಪಟಿ ಎಂಬರ್ಥದ ‘ಸ್ಲೈ’ ಕೂಡ ಅಲ್ಲಿಯದೇ: ಹಳೆಯ ನಾರ್ಸ್ ಭಾಷೆಯಲ್ಲಿ ಅದಕ್ಕೆ ಹೊಡೆಯಬಲ್ಲವನು ಎಂಬ ಅರ್ಥವಿತ್ತು, ಆಮೇಲೆ ಚತುರ ಎಂದಾಯಿತು, ಕೊನೆಗೆ ಕಪಟಿ. ‘ಸ್ಲೆಡ್ಜ್’ ಎಂದರೇ ಸುತ್ತಿಗೆ. ಅದರ ಮುಂದೆ ಇನ್ನೊಂದು ‘ಹ್ಯಾಮರ್’ ಸೇರಿಸಿದ್ದು ನಾವು ಗೇಟುಬಾಗಿಲು, ನಡುಮಧ್ಯೆ ಎನ್ನುವಂತೆ. ಹೊಡೆತ ಮತ್ತು ಕಪಟ ಒಂದೇ ಬೇರಿನ ಮಕ್ಕಳೆಂಬುದು, ಸ್ಲಿಪ್‌ನಲ್ಲಿ ನಿಂತು ಬ್ಯಾಟ್ಸ್‌ಮನ್ನನ ಕಿವಿಗಷ್ಟೇ ಬೀಳುವಂತೆ ಗೊಣಗುವವರನ್ನು ನೋಡಿದಾಗಲೆಲ್ಲ ನನಗೆ ನೆನಪಾಗುತ್ತದೆ.

ಸುತ್ತಿಗೆ ಕ್ರಿಕೆಟ್ಟಿಗೆ ಬಂದದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಮಾಜಿ ನಾಯಕ ಇಯಾನ್ ಚಾಪೆಲ್ ಹೇಳಿರುವ ಪ್ರಕಾರ, 1963-64 ಅಥವಾ 1964-65ರ ಋತುವಿನಲ್ಲಿ, ಅಡಿಲೇಡ್‌ನಲ್ಲಿ, ಆಟಗಾರನೊಬ್ಬ ಮಹಿಳೆಯೊಬ್ಬರ ಎದುರಿಗೇ ಕೆಟ್ಟ ಮಾತಾಡಿದ. ಸಮ್ಮಟಿಗೆಯಷ್ಟೇ ನಯ ನಿನ್ನದು ಎಂಬ ಅರ್ಥದಲ್ಲಿ ಜೊತೆಗಾರರು ಅವನನ್ನು ಹಳಿದರು. ಇನ್ನೊಂದು ಕತೆಯಲ್ಲಿ ಆ ಆಟಗಾರನಿಗೆ ಹೆಸರೂ ಇದೆ, ವೇಗಿ ಗ್ರಹಾಂ ಕಾರ್ಲಿಂಗ್. 1964ರಲ್ಲಿ ಇಂಗ್ಲೆಂಡಿನಲ್ಲಿ ಐದು ಟೆಸ್ಟ್ ಆಡಿದವರು. ಪಾರ್ಟಿಯೊಂದರಲ್ಲಿ ಬಡಿಸಲು ಬಂದ ಹುಡುಗಿಯ ಮುಂದೆ ಅವರ ಬಾಯಿ ಜಾರಿತಂತೆ, ಅಂದಿನಿಂದ ಅಮೆರಿಕದ ಗಾಯಕ ಪರ್ಸಿ ಸ್ಲೆಡ್ಜ್‌ನ ಹೆಸರನ್ನೇ ಅವರಿಗೆ ಅಂಟಿಸಿದರಂತೆ. ಎರಡು ಕತೆಗಳನ್ನೂ ಬೆಸೆದು ಹೇಳುವವರಿದ್ದಾರೆ, ಆದರೆ ಬೆಸುಗೆ ನಿಲ್ಲುವುದಿಲ್ಲ. ಪರ್ಸಿ ಸ್ಲೆಡ್ಜ್‌ನನ್ನು ಲೋಕಕ್ಕೆ ಪರಿಚಯಿಸಿದ ಹಾಡು ಹೊರಬಂದದ್ದು 1966ರಲ್ಲಿ. ಚಾಪೆಲ್ ಹೇಳುವ ವರ್ಷ ಸರಿಯಾಗಿದ್ದರೆ ಆ ಹೊತ್ತಿಗೆ ಗಾಯಕನ ಹೆಸರು ಅಡಿಲೇಡ್‌ಗೆ ತಲುಪಿರಲು ಸಾಧ್ಯವಿಲ್ಲ. ಗಾಯಕ ಆಮೇಲೆ ಬಂದು ಸೇರಿಕೊಂಡಿರಬೇಕೆಂದು ನನ್ನ ಎಣಿಕೆ. ಪದದ ಹುಟ್ಟಿನ ಕತೆಗಳು ಹೀಗೇ, ಬಾಯಿಂದ ಬಾಯಿಗೆ ಬರುವಾಗ ದಾರಿಯಲ್ಲಿ ಸಿಕ್ಕವರನ್ನೂ ಕರೆದುಕೊಂಡು ಬರುತ್ತವೆ.

ಎರಡು ಕತೆಗೂ ಸಮಾನವಾದ ಒಂದು ಅಂಶವನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಎರಡರಲ್ಲೂ ಎದುರಾಳಿಯೇ ಇಲ್ಲ. ಇರುವುದು ಒಂದು ಹೆಣ್ಣು, ಅವಳ ಮುಂದೆ ಆಡಬಾರದ ಮಾತಾಡಿದ ಗಂಡು, ಅವನನ್ನು ಗದರಿದ ಗೆಳೆಯರು. ಅಂದರೆ ‘ಸ್ಲೆಡ್ಜ್’ ಹುಟ್ಟುವಾಗ ಒಂದು ಆಕ್ಷೇಪಣೆ, ನಾಚಿಕೆಗೇಡಿಗೆ ಇಟ್ಟ ಹೆಸರು. ಹತ್ತು ವರ್ಷ ಕಳೆಯುವುದರೊಳಗೆ ಅದು ಎದುರಾಳಿಯ ಮೇಲೆ ಎತ್ತುವ ಆಯುಧವಾಯಿತು. ಮುಂದೆ ಅದೊಂದು ವಿದ್ಯೆಯೇ ಆಯಿತು. ಆಸ್ಟ್ರೇಲಿಯಾದ ನಾಯಕ ಸ್ಟೀವ್ ವಾ ಅವರ ಕಾಲಕ್ಕೆ ಅದಕ್ಕೆ ‘ಮೆಂಟಲ್ ಡಿಸಿಂಟಿಗ್ರೇಷನ್’ ಎಂಬ ಭಾರೀ ಬಿರುದು ಬಂತು, ಮನಸ್ಸನ್ನು ಚೂರುಚೂರು ಮಾಡುವುದು ಎಂದು. ದಕ್ಷಿಣ ಆಫ್ರಿಕಾದವರು ಅದನ್ನೇ ‘ಚರ್ಪಿಂಗ್’ ಎನ್ನುತ್ತಾರೆ, ಹಕ್ಕಿಯ ಚಿಲಿಪಿಲಿ. ಒಂದೇ ಕೆಲಸಕ್ಕೆ ಒಂದು ಕಡೆ ಸುತ್ತಿಗೆ, ಇನ್ನೊಂದು ಕಡೆ ಗುಬ್ಬಿ.

ಕನ್ನಡದಲ್ಲಿ ಇದಕ್ಕೆ ಪದಗಳ ಬರ ಎಂದೂ ಇರಲಿಲ್ಲ. ಗಲ್ಲಿ ಕ್ರಿಕೆಟ್‌ನಲ್ಲಿ ಹುಡುಗರು ಮಾಡುವುದು ರೇಗಿಸೋದು, ಕಿಚಾಯಿಸೋದು, ಕಾಲೆಳೆಯೋದು. ಹಂಗಿಸುವುದು, ಹೀಯಾಳಿಸುವುದು, ಕೆಣಕುವುದು ಬೇರೆ ಇವೆ. ಇವೆಲ್ಲಕ್ಕಿಂತ ಹಿರಿಯದು ‘ಮೂದಲೆ’. ಇಂದು ಈ ಮಾತು ಅಡುಗೆಮನೆಗೆ ಇಳಿದಿದೆ. ತವರಿನಿಂದ ಏನು ತಂದೆ ಎಂದು ಸೊಸೆಯನ್ನು ಚುಚ್ಚಿದರೆ ಅದು ಮೂದಲಿಕೆ. ಹಳಗನ್ನಡ ಕಾವ್ಯದಲ್ಲಿ ಅದು ರಣರಂಗದ ಮಾತು. ವೀರನು ವೈರಿಯನ್ನು ಗುರುತಿಸಿ, ಚುಚ್ಚಿ, ಯುದ್ಧಕ್ಕೆ ಕರೆಯುವುದು ಮೂದಲಿಸುವುದು. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನ ಬರೆದ ಗದಾಯುದ್ಧದ ನಡುಗಂಬವೇ ಈ ಮೂದಲೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಭೀಮ ಕೈಯಿಂದ ಎಳೆದು ತರಲಿಲ್ಲ, ಮಾತಿನಿಂದ ತಂದ. ತಣ್ಣೀರಿನಲ್ಲಿ ಮುಳುಗಿದ್ದವನಿಗೆ ಬೆವರು ತರಿಸಿದ ಮಾತು ಅದು.

ಭೀಮನ ಮೂದಲೆಗೆ ಒಂದೇ ಗುರಿ, ಎದ್ದು ಹೊರಗೆ ಬಾ, ಎದುರು ನಿಲ್ಲು. ಸ್ಲೆಡ್ಜಿಂಗ್‌ನ ಗುರಿ ಇದರ ತದ್ವಿರುದ್ಧ, ಕ್ರೀಸ್ ಬಿಟ್ಟು ಪೆವಿಲಿಯನ್‌ಗೆ ಹೋಗು. ಒಂದು ಕರೆಯುತ್ತದೆ, ಇನ್ನೊಂದು ಕಳಿಸುತ್ತದೆ. ಪತ್ರಿಕೆಗಳಲ್ಲಿ ಸ್ಲೆಡ್ಜಿಂಗ್‌ಗೆ ‘ಮೂದಲಿಕೆ’ ಎಂದು ಬರೆದದ್ದನ್ನು ಕಂಡಾಗ ನನಗೆ ಕಸಿವಿಸಿಯಾಗುವುದು ಇದಕ್ಕೆ.

ಎರಡೂ ಒಂದೇ ಉಸಿರಿನಲ್ಲಿ ನಡೆದದ್ದನ್ನು ಕನ್ನಡಿಗರು ಮರೆತಿಲ್ಲ. 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಭಾರತ 287 ರನ್ ಗಳಿಸಿತ್ತು, ಪಾಕಿಸ್ತಾನ ಒಂದೇ ವಿಕೆಟ್ ಕಳೆದುಕೊಂಡು ನೂರು ದಾಟಿತ್ತು. ಅಂದಿನ ನಾಯಕ ಆಮಿರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದ್ ಅವರ ಚೆಂಡನ್ನು ಕವರ್ಸ್ ಕಡೆ ಬೌಂಡರಿಗೆ ಅಟ್ಟಿ, ಬ್ಯಾಟ್ ಚಾಚಿ, ಮುಂದಿನದೂ ಅಲ್ಲಿಗೇ ಎಂಬಂತೆ ತೋರಿಸಿದರು. ಅದು ಮಾತಿನ ಹಂಗಿಲ್ಲದೆ ಇಡೀ ಕ್ರೀಡಾಂಗಣಕ್ಕೆ ಅರ್ಥವಾದ ಮೂದಲೆ. ಬಾ, ಹಾಕು ನೋಡೋಣ. ಪ್ರಸಾದ್ ಹಾಕಿದರು. ಆಫ್ ಸ್ಟಂಪ್ ಹಾರಿತು. ಆಮೇಲೆ ಕೈ ಬೀಸಿ ಪ್ರಸಾದ್ ಕೂಗಿದ್ದು ಕಳಿಸುವ ಮಾತು. ನಾವು ಇಂದಿಗೂ ಕೊಂಡಾಡುವುದು ಆ ಕೂಗನ್ನು. ನನಗೆ ಇಷ್ಟವಾದದ್ದು ಕೂಗಿಗೆ ಮುಂಚಿನ ಆ ನಡಿಗೆ, ಪ್ರಸಾದ್ ತುಟಿ ಬಿಚ್ಚದೆ ತಿರುಗಿ ಬೌಲಿಂಗ್ ಗುರುತಿಗೆ ಹೋದ ಆ ಕೆಲವೇ ಕ್ಷಣಗಳು. ಭಾರತ 39 ರನ್‌ಗಳಿಂದ ಗೆದ್ದಿತು.

ಈ ಎರಡನ್ನಲ್ಲದೆ ಮೂರನೆಯದೊಂದನ್ನೂ ‘ಸ್ಲೆಡ್ಜಿಂಗ್’ ತನ್ನ ಸೆರಗಿನಲ್ಲಿ ಕಟ್ಟಿಕೊಂಡಿದೆ, ಬರೀ ಬೈಗುಳ. ಜಾತಿ, ಬಣ್ಣ, ಮನೆಯ ಹೆಣ್ಣುಮಕ್ಕಳನ್ನು ಎಳೆದು ತಂದು ಬೈದವನೂ ಸ್ಲೆಡ್ಜಿಂಗ್ ಅಷ್ಟೇ ಎಂದು ಪಾರಾಗುತ್ತಾನೆ. 2000ದಲ್ಲಿ ಕ್ರಿಕೆಟ್ ಕಾನೂನಿಗೆ ಆಟದ ಸ್ಫೂರ್ತಿಯ ಬಗ್ಗೆ ಮುನ್ನುಡಿಯೊಂದನ್ನು ಸೇರಿಸಿದಾಗ, ಎದುರಾಳಿಯನ್ನೋ ಅಂಪೈರನ್ನೋ ನಿಂದಿಸುವುದು ಆ ಸ್ಫೂರ್ತಿಗೆ ವಿರುದ್ಧ ಎಂದು ಬಿಡಿಸಿಯೇ ಬರೆದರು. ಬರೆದದ್ದು ಒಂದು, ಆಡಿದ್ದು ಒಂದು.

2008ರ ಜನವರಿಯಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ಸಿಡ್ನಿ ಟೆಸ್ಟ್ ನಡೆಯಿತು. ಹರ್ಭಜನ್ ಸಿಂಗ್ ತನ್ನನ್ನು ಕೋತಿ ಎಂದರೆಂದು ಆಂಡ್ರ್ಯೂ ಸೈಮಂಡ್ಸ್ ಕಡೆಯಿಂದ ದೂರು ಬಂತು, ವರ್ಣನಿಂದನೆಗಾಗಿ ಹರ್ಭಜನ್ ಮೇಲೆ ಮೂರು ಟೆಸ್ಟ್‌ಗಳ ನಿಷೇಧ ಬಿತ್ತು. ಪಂದ್ಯ ಸೋತ ಭಾರತದ ನಾಯಕ ಅನಿಲ್ ಕುಂಬ್ಳೆ, ಆಟದ ಸ್ಫೂರ್ತಿಯಿಂದ ಆಡಿದ್ದು ಒಂದೇ ತಂಡ ಎಂದರು. 1933ರಲ್ಲಿ, ಮೈಗೇ ಗುರಿಯಿಡುವ ಇಂಗ್ಲೆಂಡಿನ ಬಾಡಿಲೈನ್ ಬೌಲಿಂಗ್‌ನ ಏಟು ತಿಂದ ಆಸ್ಟ್ರೇಲಿಯಾದ ನಾಯಕ ಬಿಲ್ ವುಡ್‌ಫುಲ್ ಹೆಚ್ಚುಕಡಿಮೆ ಇದೇ ಮಾತಾಡಿದ್ದರು, ಅದೂ ಅಡಿಲೇಡ್‌ನಲ್ಲಿ. ಎಪ್ಪತ್ತೈದು ವರ್ಷದ ಹಿಂದೆ ಆಸ್ಟ್ರೇಲಿಯಾದ ನಾಯಕ ಆಡಿದ ಮಾತನ್ನು ಬೆಂಗಳೂರಿನ ಮಿತಭಾಷಿಯೊಬ್ಬರು ಆಸ್ಟ್ರೇಲಿಯಾಕ್ಕೇ ಹಿಂದಿರುಗಿಸಿದರು. ಇಡೀ ಸರಣಿಯಲ್ಲಿ ಅಳತೆಗೆ ಸರಿಯಾಗಿ ಬಿದ್ದ ಮಾತು ಅದೊಂದೇ ಎಂದು ನಾನು ನಂಬಿದ್ದೇನೆ.

ಹರ್ಭಜನ್ ಮೇಲ್ಮನವಿಯ ವಿಚಾರಣೆ ನಡೆದದ್ದೂ ಅಡಿಲೇಡ್‌ನಲ್ಲೇ, ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಅವರ ಮುಂದೆ. ಇಡೀ ವಿಚಾರಣೆ ಒಂದು ಪದದ ಸುತ್ತ ತಿರುಗಿತು. ಅದು ಕೋತಿ ಎಂಬ ಇಂಗ್ಲಿಷ್ ಪದವಲ್ಲ, ಕೇಳಲು ಹಾಗೆಯೇ ತೋರುವ, ತಾಯಿಯನ್ನು ಎಳೆದು ತರುವ ಹಿಂದಿ ಬೈಗುಳ ಎಂಬುದು ಭಾರತದ ಕಡೆಯ ವಾದ. ವರ್ಣನಿಂದನೆ ರುಜುವಾತಾಗಲಿಲ್ಲ, ನಿಷೇಧ ಬಿದ್ದುಹೋಯಿತು, ಬರೀ ನಿಂದನೆಯ ತಪ್ಪು ಉಳಿಯಿತು. ಹೆಣ್ಣೊಬ್ಬಳ ಕಿವಿಗೆ ಕೆಟ್ಟ ಮಾತು ಬಿತ್ತೆಂದು ಗೆಳೆಯರೇ ಗೆಳೆಯನನ್ನು ಗದರಿದ ಊರಿನಲ್ಲಿ, ನಲವತ್ತು ಚಿಲ್ಲರೆ ವರ್ಷಗಳ ಮೇಲೆ, ತಾಯಿಯ ಮೇಲಿನ ಬೈಗುಳ ಆಟಗಾರನನ್ನು ಉಳಿಸುವ ವಾದವಾಗಿ ನಿಂತಿತು. ಹರ್ಭಜನ್ ಕಟ್ಟಬೇಕಾದ ದಂಡ, ಆ ಪಂದ್ಯದ ಸಂಭಾವನೆಯಲ್ಲಿ ಅರ್ಧ.