ರೈತ, ಮಾಲೀಕ ಎಂಬ ಪದಗಳ ಮೂಲ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಸೀಮೆಗಳ ಭೂವ್ಯವಹಾರದಲ್ಲಿ ‘ರೈತ’, ‘ಮಾಲೀಕ’ ಎಂಬೆರಡು ಪದಗಳು ಪದೇ ಪದೇ ಕಿವಿಗೆ ಬೀಳುವುವು. ನೆಲಕ್ಕೆ ಇಷ್ಟು ಹತ್ತಿರವಾದ ಈ ಪದಗಳು ದೇಶ್ಯವೂ ಅಲ್ಲ, ಸಂಸ್ಕೃತವೂ ಅಲ್ಲ; ಸೆಮಿಟಿಕ್ ಭಾಷಾವರ್ಗಕ್ಕೆ ಸೇರಿದವು. ಇವುಗಳ ಮೂಲವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಸೆಮಿಟಿಕ್ ಭಾಷೆಗಳಲ್ಲಿ ಮೂಲಾರ್ಥವು ಸಾಮಾನ್ಯವಾಗಿ ಮೂರು ವ್ಯಂಜನಗಳಲ್ಲಿ ನೆಲಸಿರುತ್ತದೆ. ಸ್ವರಗಳು ವ್ಯತ್ಯಾಸವಾಗಿ ರೂಪಭೇದಗಳುಂಟಾಗುತ್ತವೆ. ಆದುದರಿಂದ ಇಲ್ಲಿ ಕಿವಿಯ ಹೋಲಿಕೆಗಿಂತ ಧಾತುವೇ ಪ್ರಮಾಣವು. ಬಿಬ್ಲೋಸಿನಲ್ಲಿ ೧೯೨೩ರಲ್ಲಿ ದೊರೆತ ಅಹಿರಾಮನ ಶವಪೆಟ್ಟಿಗೆಯ ಮೇಲಣ ಫಿನೀಷಿಯನ್ ಶಾಸನದಲ್ಲಿ ‘ಮ-ಲ-ಕ’ ಎಂಬ ಮೂರಕ್ಷರಗಳು ‘ಅರಸು’ ಎಂಬರ್ಥದಲ್ಲಿವೆ. ಹೀಬ್ರೂವಿನ ‘ಮೆಲೆಖ್’ ಅದೇ. ಅರಬ್ಬೀಯಲ್ಲಿ ಈ ಧಾತುವಿನಿಂದ ‘ಮಲಿಕ್’ ಎಂದರೆ ದೊರೆ, ‘ಮಾಲಿಕ್’ ಎಂದರೆ ಒಡೆಯ. ಎರಡನೆಯದೇ ನಮ್ಮ ‘ಮಾಲೀಕ’.

‘ರೈತ’ನ ಕಥೆ ಇದಕ್ಕಿಂತ ವಿಚಾರಾರ್ಹವಾದುದು. ಅರಬ್ಬೀಯ ‘ರಈಯ್ಯತ್’ ಪದಕ್ಕೆ ‘ಮೇಯಿಸಲ್ಪಡುವ ಮಂದೆ’ ಎಂದು ಮೂಲಾರ್ಥ. ಅದರಿಂದ ‘ಪ್ರಜೆ’ ಎಂಬರ್ಥವು ಬಂದಿತು. ಹೀಬ್ರೂವಿನ ‘ರೋಎ’, ಅಕ್ಕಾಡಿಯನ್ನಿನ ‘ರೇಊ’ ಎಂಬಿವಕ್ಕೆ ಕುರುಬನೆಂದರ್ಥ. ಬಾಬಿಲೋನಿನ ಹಮ್ಮುರಾಬಿಯು ತನ್ನ ಶಾಸನಸಂಹಿತೆಯ ಪೀಠಿಕೆಯಲ್ಲಿ ತನ್ನನ್ನು ಕುರುಬನೆಂದೇ ಕರೆದುಕೊಂಡಿದ್ದಾನೆ. ದೊರೆಯು ಕಾಯುವವನು, ಪ್ರಜೆಗಳು ಕಾಯಲ್ಪಡುವವರು ಎಂಬ ಭಾವನೆಯೇ ಈ ಪದದ ಬುಡದಲ್ಲಿರುವುದು.

ಫಿನೀಷಿಯನ್ ಶಾಸನದಲ್ಲಿ ಧಾತುವಿದೆಯೆಂದು, ಆ ನಾಡಿನ ನಾವಿಕರೇ ಈ ಪದಗಳನ್ನು ಹೊತ್ತು ತಂದರೆಂದು ಊಹಿಸಲಾಗದು. ಇವು ಅರಬ್ಬೀಯಿಂದ ಪಾರಸಿಗೂ, ಪಾರಸಿಯಿಂದ ಆಡಳಿತದ ಮೂಲಕ ದೇಶಭಾಷೆಗಳಿಗೂ ಇಳಿದವು. ಈ ಸೀಮೆಯು ೧೬೩೮ರಲ್ಲಿ ಬಿಜಾಪುರದವರ ವಶವಾಯಿತು; ೧೬೮೭ರಲ್ಲಿ ಮೊಗಲರು ಸ್ಥಾಪಿಸಿದ ಶಿರಾ ಸುಬೆಯ ಏಳು ಪರಗಣೆಗಳಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆಗಳೂ ಸೇರಿದ್ದವು. ಪಾರಸಿಯ ಕಂದಾಯಪರಿಭಾಷೆ ಇಲ್ಲಿ ಬೇರೂರಲು ಇಂತಹ ಆಳಿಕೆಗಳೇ ಕಾರಣ.

ಇದಕ್ಕೆ ಮುನ್ನ ಉಳುವವರಿಗೆ ಹೆಸರಿರಲಿಲ್ಲವೆಂದಲ್ಲ. ‘ಒಕ್ಕಲು’ ಎಂಬ ದೇಶ್ಯಪದವು ಹಳಗನ್ನಡ ಶಾಸನಗಳಲ್ಲಿಯೇ ಉಂಟು. ಅದು ಮನೆತನದಿಂದ ಮನುಷ್ಯನನ್ನು ಗುರುತಿಸಿದರೆ, ‘ರೈತ’ವು ಅರಸನ ಅಧೀನತೆಯಿಂದ ಗುರುತಿಸಿತು. ಆದರೂ ಪದವು ಹುಟ್ಟಿದ ಅರ್ಥದಲ್ಲಿಯೇ ನಿಲ್ಲಲಿಲ್ಲ. ೧೯೭೪ರ ಮಾರ್ಚಿ ೧ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ಗೇಣಿಗೆ ಉಳುತ್ತಿದ್ದವರು ಆ ಭೂಮಿಯ ಹಕ್ಕನ್ನು ಕೇಳಲು ಅರ್ಹರಾದರು. ಹಾಗೆ ಹಕ್ಕು ಪಡೆದವನಲ್ಲಿ ಮಂದೆಯ ಹೆಸರೂ ಒಡೆಯನ ಹೆಸರೂ ಒಂದುಗೂಡಿದವು.