ಮಟಾಟುವಿನ ಬಾಗಿಲಲ್ಲಿ ಕಾವಲು ಯಾರದು?

ನೈರೋಬಿಯ ನ್ಗಾರಾದಿಂದ ಪೇಟೆಯ ಕಡೆ ಇಳಿಯುವ ಮಟಾಟು, ಅಂದರೆ ಖಾಸಗಿ ಸಣ್ಣ ಬಸ್ಸು, ಗ್ಲೋಬ್ ಸಿನಿಮಾ ವೃತ್ತವನ್ನು ಸಮೀಪಿಸುತ್ತಿದ್ದಂತೆ ಒಳಗಿದ್ದವರು ಎಚ್ಚರಾಗುತ್ತಾರೆ. ಕಿಟಕಿ ಪಕ್ಕ ಕೂತವರು ಫೋನನ್ನು ಚೀಲದೊಳಗೆ ಸೇರಿಸುತ್ತಾರೆ. ‘ಫುಂಗಾ ದಿರಿಶಾ’, ಕಿಟಕಿ ಮುಚ್ಚಿ, ಎಂದು ಹಿಂದಿನಿಂದ ಯಾರೋ ಹೇಳುತ್ತಾರೆ. ಗಾಜುಗಳು ಒಂದೊಂದಾಗಿ ಸರಿಯುತ್ತವೆ. ವಾಹನ ಸಾಲಿನಲ್ಲಿ ನಿಂತಾಗ ಹೊರಗಿನಿಂದ ಕೈ ಹಾಕಿ ಫೋನ್ ಕಿತ್ತುಕೊಂಡು ಓಡುವವರ ಭಯ ಇದು. ಬಾಗಿಲಲ್ಲಿ ಮಕಾಂಗಾ, ಅಂದರೆ ಕಂಡಕ್ಟರ್, ಒಂದು ಕಾಲು ಒಳಗೆ ಒಂದು ಕಾಲು ಗಾಳಿಯಲ್ಲಿ ಇಟ್ಟು ನಿಂತಿರುತ್ತಾನೆ. ಉದ್ದಕ್ಕೆ ಮಡಚಿದ ನೋಟುಗಳು ಅವನ ಬೆರಳ ಸಂದಿಯಲ್ಲಿರುತ್ತವೆ. ಅವನೇ ಪ್ರಯಾಣಿಕರ ಕಾವಲುಗಾರನೂ ಆಗಬಲ್ಲ, ಕಳ್ಳರ ಗೆಳೆಯನೂ ಆಗಬಲ್ಲ. ಈ ನಗರದ ಸಾರಿಗೆಯ ತೊಂಬತ್ತು ವರ್ಷಗಳನ್ನು ಹಿಂತಿರುಗಿ ನೋಡಿದರೆ, ಸುರಕ್ಷತೆಯ ಪ್ರಶ್ನೆ ಪ್ರತಿ ಸಲ ಬಂದು ನಿಲ್ಲುವುದು ಇದೇ ಬಾಗಿಲಿನಲ್ಲಿ.

ಮೊದಲು ಇದ್ದದ್ದು ಕಂಪನಿಯ ಬಸ್ಸು. ಕೀನ್ಯಾ ಬಸ್ ಸರ್ವಿಸ್ 1934ರಲ್ಲಿ ಶುರುವಾಯಿತು, 1966ರಲ್ಲಿ ನಗರಸಭೆ ಅದರಲ್ಲಿ ಕಾಲು ಪಾಲು ಪಡೆಯಿತು. ಟಿಕೆಟ್ಟು, ಸಮವಸ್ತ್ರ ಎಲ್ಲ ಇದ್ದವು, ಆದರೆ ಬೆಳೆಯುತ್ತಿದ್ದ ನಗರಕ್ಕೆ ಆ ಬಸ್ಸುಗಳು ಸಾಲಲಿಲ್ಲ. ಕೊರತೆ ತುಂಬಿದ್ದು ಪರವಾನಗಿ ಇಲ್ಲದೆ ಓಡುತ್ತಿದ್ದ ಸಣ್ಣ ವಾಹನಗಳು. ಹತ್ತು ಸೆಂಟಿನ ಮೂರು ನಾಣ್ಯಗಳ ದರದಿಂದ ಅವಕ್ಕೆ ಮಟಾಟು ಎಂಬ ಹೆಸರು ಬಂತು. ‘ಟಾಟು’ ಎಂದರೆ ಮೂರು. 1973ರಲ್ಲಿ ಅಧ್ಯಕ್ಷ ಜೋಮೋ ಕೆನ್ಯಾಟಾ ಅವಕ್ಕೆ ಪರವಾನಗಿಯಿಂದ ವಿನಾಯಿತಿ ಕೊಟ್ಟರು. ಬಡ ಪ್ರಯಾಣಿಕರಿಗೂ ಸಣ್ಣ ಮಾಲೀಕರಿಗೂ ಅದು ದೊಡ್ಡ ಉಪಕಾರ. ಆದರೆ ವಾಹನದೊಳಗೆ ಏನಾದರೂ ಆದರೆ ಹೊಣೆ ಯಾರದು ಎಂಬುದಕ್ಕೆ ಉತ್ತರವನ್ನು ಯಾರೂ ಬರೆದಿಡಲಿಲ್ಲ.

ಆ ಕಾಲದಿಂದ ಇಂದಿನವರೆಗೂ ನಡೆದುಬಂದ ಒಂದು ಪದ್ಧತಿ ಉಳಿದೆಲ್ಲಕ್ಕೂ ಬೇರು ಎಂದು ನನ್ನ ನಂಬಿಕೆ. ಮಾಲೀಕ ದಿನಕ್ಕೆ ಇಷ್ಟು ಎಂದು ಮೊತ್ತ ಗೊತ್ತು ಮಾಡುತ್ತಾನೆ. ಅದರ ಮೇಲೆ ದುಡಿದದ್ದು ಚಾಲಕ ಮತ್ತು ಮಕಾಂಗಾನಿಗೆ. ಬೆಂಗಳೂರಿನ ಬಿಎಂಟಿಸಿ ಕಂಡಕ್ಟರ್‌ಗೆ ತಿಂಗಳ ಸಂಬಳವಿದೆ, ಮೇಲಧಿಕಾರಿಯ ತಪಾಸಣೆಯಿದೆ. ಇಲ್ಲಿ ಸಂಜೆಯೊಳಗೆ ಮೊತ್ತ ತುಂಬದಿದ್ದರೆ ಮನೆಗೆ ಬರಿಗೈ. ಆಗ ವೇಗ ಹೆಚ್ಚುತ್ತದೆ, ಸೀಟಿಗಿಂತ ಹೆಚ್ಚು ಜನ ಹತ್ತುತ್ತಾರೆ, ಹತ್ತಿದವರು ಯಾರು ಎಂದು ನೋಡಲು ಪುರುಸೊತ್ತಿರುವುದಿಲ್ಲ.

ಸರ್ಕಾರ ಬಿಟ್ಟ ಜಾಗವನ್ನು ಗುಂಪುಗಳು ಹಿಡಿದವು. 1990ರ ದಶಕದ ಕೊನೆಗೆ ನೈರೋಬಿಯ ಹಲವು ಮಾರ್ಗಗಳ ನಿಲ್ದಾಣಗಳಲ್ಲಿ ಮುಂಗಿಕಿ ಎಂಬ ಸಂಘಟನೆ ಪ್ರತಿ ಸರದಿಗೂ ಹಣ ಕೀಳುತ್ತಿತ್ತು. ಕೊಡದವನ ಗಾಡಿ ಓಡುವಂತಿರಲಿಲ್ಲ. ‘ರಕ್ಷಣೆ’ ಎಂಬ ಹೆಸರಿನಲ್ಲೇ ನಡೆಯುತ್ತಿದ್ದ ಈ ಸುಲಿಗೆಯ ಭಾರ ಕೊನೆಗೆ ಬೀಳುತ್ತಿದ್ದುದು ಪ್ರಯಾಣಿಕರ ಮೇಲೆ. 2002ರಲ್ಲಿ ಸರ್ಕಾರ ಮುಂಗಿಕಿಯನ್ನು ನಿಷೇಧಿಸಿತು, ಆದರೆ ನಿಲ್ದಾಣದ ವಸೂಲಿ ಅಷ್ಟಕ್ಕೇ ನಿಲ್ಲಲಿಲ್ಲ. ಕೆಂಡಾ ಮುಟೊಂಗಿ 2017ರಲ್ಲಿ ಪ್ರಕಟಿಸಿದ ಮಟಾಟು ಚರಿತ್ರೆಯಲ್ಲಿ ಈ ಲೋಕದ ಸಾಹಸವೂ ಕ್ರೌರ್ಯವೂ ಒಟ್ಟಿಗೇ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಆ ಕಥೆ ಅರ್ಧವಾಗುತ್ತದೆ.

ನಿಜವಾದ ತಿರುವು ಸಿಕ್ಕಿದ್ದು ಸಾರಿಗೆ ಸಚಿವ ಜಾನ್ ಮಿಚುಕಿ ಅವರ ಕಾಲದಲ್ಲಿ. 2003ರಲ್ಲಿ ಹೊರಟು 2004ರ ಫೆಬ್ರವರಿ 1ರಿಂದ ಜಾರಿಯಾದ ನಿಯಮಗಳನ್ನು ಜನ ಇಂದಿಗೂ ‘ಮಿಚುಕಿ ರೂಲ್ಸ್’ ಎಂದೇ ಕರೆಯುತ್ತಾರೆ. ಗಂಟೆಗೆ 80 ಕಿಲೋಮೀಟರ್ ದಾಟದಂತೆ ಸ್ಪೀಡ್ ಗವರ್ನರ್, ಪ್ರತಿ ಸೀಟಿಗೂ ಬೆಲ್ಟ್, ಸಣ್ಣ ವ್ಯಾನಿನಲ್ಲಿ 14 ಪ್ರಯಾಣಿಕರ ಮಿತಿ, ಮೈ ಸುತ್ತ ಹಳದಿ ಪಟ್ಟಿ. ಅಪರಾಧ ತಡೆಯ ದೃಷ್ಟಿಯಿಂದ ಇವಕ್ಕಿಂತ ಮುಖ್ಯವಾದವು ಬೇರೆ ಇದ್ದವು: ಚಾಲಕನಿಗೆ ನೀಲಿ, ಕಂಡಕ್ಟರ್‌ಗೆ ಕೆಂಗಂದು ಸಮವಸ್ತ್ರ, ಎದೆಯ ಮೇಲೆ ಬ್ಯಾಡ್ಜು, ಪೊಲೀಸರಿಂದ ಸನ್ನಡತೆ ಪ್ರಮಾಣಪತ್ರ. ಬಾಗಿಲಲ್ಲಿ ನಿಂತವನಿಗೆ ದಾಖಲೆಯಲ್ಲೊಂದು ಗುರುತು ಬಂತು. ಮೊದಲ ದಿನಗಳಲ್ಲಿ ಸಾವಿರಾರು ಗಾಡಿಗಳು ರಸ್ತೆಗಿಳಿಯಲಿಲ್ಲ, ಜನ ಮೈಲಿಗಟ್ಟಲೆ ನಡೆದರು. ಬಿಗಿ ಮೆಲ್ಲಗೆ ಸಡಿಲಾಯಿತು. 2018ರ ನವೆಂಬರ್ 12ರಂದು ಅದೇ ನಿಯಮಗಳನ್ನು ಮತ್ತೆ ಬಿಗಿಗೊಳಿಸಬೇಕಾಯಿತು, ಜನ ಮತ್ತೆ ನಡೆದರು.

ಈ ನಡುವೆ ಬಿಡಿ ಮಾಲೀಕರೆಲ್ಲ ಸಾಕ್ಕೊ ಎಂಬ ಸಹಕಾರ ಸಂಘಗಳಿಗೆ ಸೇರಬೇಕೆಂಬ ಕಟ್ಟಳೆ ಬಂತು. ದೂರು ಕೊಡಲು ಒಂದು ಹೆಸರು, ಒಂದು ಕಚೇರಿ ಸಿಕ್ಕಿತು. 2012ರ ಕಾಯ್ದೆಯಡಿ ರಾಷ್ಟ್ರೀಯ ಸಾರಿಗೆ ಮತ್ತು ಸುರಕ್ಷತಾ ಪ್ರಾಧಿಕಾರ ಹುಟ್ಟಿತು. ಆದರೆ ಅದೇ ವರ್ಷಗಳಲ್ಲಿ ಭಯ ಬೇರೆ ರೂಪದಲ್ಲಿ ಬಂತು. 2012ರ ಮಾರ್ಚ್‌ನಲ್ಲಿ ಮಚಾಕೋಸ್ ಬಸ್ ನಿಲ್ದಾಣದ ಮೇಲೆ ಗ್ರೆನೇಡ್ ಬಿತ್ತು, ನವೆಂಬರ್‌ನಲ್ಲಿ ಈಸ್ಟ್‌ಲೀಯಲ್ಲಿ ಮಟಾಟುವೊಂದು ಸ್ಫೋಟಗೊಂಡಿತು, 2014ರ ಮೇ 4ರಂದು ಥೀಕಾ ರಸ್ತೆಯಲ್ಲಿ ಎರಡು ಬಸ್ಸುಗಳು. ಆ ರಸ್ತೆಯ ಹಲವು ವಾಹನಗಳು ನ್ಗಾರಾ ದಾಟಿ ಪೇಟೆ ಸೇರುತ್ತವೆ. ಈ ದಾಳಿಗಳ ನಂತರ ಸಫಾರಿಕಾಮ್ ಕಂಪನಿಗೆ ನಗರದ ಕ್ಯಾಮೆರಾ ಜಾಲದ ಗುತ್ತಿಗೆ ಸಿಕ್ಕಿತು, ನೈರೋಬಿ ಮತ್ತು ಮೊಂಬಾಸಾ ಸೇರಿ 1,800 ಕ್ಯಾಮೆರಾ. ವೃತ್ತದಲ್ಲಿ ನಡೆದದ್ದನ್ನು ಕ್ಯಾಮೆರಾ ಹಿಡಿದೀತು, ಓಡುತ್ತಿರುವ ಬಸ್ಸಿನ ಒಳಗನ್ನು ಅದು ಕಾಣಲಾರದು.

ಒಳಗೇನು ನಡೆಯಬಹುದು ಎಂಬುದು ಅದೇ 2014ರಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. ಸೆಪ್ಟೆಂಬರ್‌ನಲ್ಲಿ ಗಿಥುರೈ ಕಡೆಯ ಬಸ್ಸೊಂದರಲ್ಲಿ ಪ್ರಯಾಣಿಕ ಮಹಿಳೆಯನ್ನು ವಿವಸ್ತ್ರಗೊಳಿಸಿ ದೋಚಲಾಯಿತು. ಆರೋಪಿಗಳಲ್ಲಿ ಆ ಬಸ್ಸಿನ ಚಾಲಕ, ಕಂಡಕ್ಟರ್ ಇಬ್ಬರೂ ಇದ್ದರು. ನವೆಂಬರ್‌ನಲ್ಲಿ ಅಕ್ರಾ ರಸ್ತೆಯ ನಿಲ್ದಾಣದಲ್ಲಿ ಇನ್ನೊಬ್ಬಳ ಬಟ್ಟೆ ಹರಿದರು, ಉಡುಪು ಸರಿಯಿಲ್ಲವೆಂಬ ನೆಪದಲ್ಲಿ. ನವೆಂಬರ್ 17ರಂದು ‘ನನ್ನ ಉಡುಪು ನನ್ನ ಆಯ್ಕೆ’ ಎನ್ನುತ್ತಾ ಹೆಂಗಸರು ಉಹುರು ಪಾರ್ಕ್‌ನಿಂದ ಅದೇ ಅಕ್ರಾ ರಸ್ತೆಗೆ ನಡೆದುಹೋದರು. ವರ್ಷ ಮುಗಿಯುವುದರೊಳಗೆ ದಂಡಸಂಹಿತೆಗೆ ಹೊಸ ಕಲಂ ಸೇರಿತು: ಬಲವಂತವಾಗಿ ವಿವಸ್ತ್ರಗೊಳಿಸಿದರೆ ಕನಿಷ್ಠ 10 ವರ್ಷ ಸೆರೆ. ಗಿಥುರೈ ಪ್ರಕರಣದಲ್ಲಿ 2017ರಲ್ಲಿ ಮೂವರಿಗೆ ಹಿಂಸಾತ್ಮಕ ಸುಲಿಗೆಗಾಗಿ ಮರಣದಂಡನೆ ವಿಧಿಸಲಾಯಿತು. ಶಿಕ್ಷೆಯ ಕಾಠಿಣ್ಯಕ್ಕಿಂತ ನನ್ನನ್ನು ಕಾಡುವುದು ಆ ಬಸ್ಸಿನ ಬಾಗಿಲು. ಕಾಯಬೇಕಾದವರೇ ಅಂದು ಅದನ್ನು ಮುಚ್ಚಿದ್ದರು.

ನಯೋಮಿ ಮ್ವೌರಾ ಕಟ್ಟಿದ ಫ್ಲೋನ್ ಸಂಸ್ಥೆ ಹಿಡಿದದ್ದು ಈ ತುದಿಯನ್ನೇ. ಅದು ಚಾಲಕರನ್ನೂ ಮಕಾಂಗಾಗಳನ್ನೂ ಕೂರಿಸಿ ತರಬೇತಿ ಕೊಡುತ್ತದೆ, ಈ ಕೆಲಸಕ್ಕೆ ಹೆಂಗಸರು ಬರುವುದಕ್ಕೂ ದುಡಿಯುತ್ತದೆ. ಇನ್ನೊಂದು ಪ್ರಯೋಗ ಇನ್ನೂ ಸರಳ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜೇಮ್ಸ್ ಹಬ್ಯಾರಿಮಾನಾ ಮತ್ತು ವಿಲಿಯಂ ಜಾಕ್ 2008ರಲ್ಲಿ ದೂರದೂರಿನ ಮಟಾಟುಗಳೊಳಗೆ ಸ್ಟಿಕ್ಕರ್ ಅಂಟಿಸಿದರು. ಚಾಲಕ ಹುಚ್ಚಾಪಟ್ಟೆ ಓಡಿಸಿದರೆ ಸುಮ್ಮನಿರಬೇಡಿ, ಗದರಿಸಿ ಎಂಬುದಷ್ಟೇ ಅದರ ಮಾತು. ಸ್ಟಿಕ್ಕರ್ ಕೀಳದೆ ಉಳಿಸಿಕೊಂಡ ಚಾಲಕರಿಗೆ ಲಾಟರಿ ಬಹುಮಾನ. ಅಂಥ ಗಾಡಿಗಳಿಂದ ಬಂದ ವಿಮಾ ಕ್ಲೇಮುಗಳು ಅರ್ಧಕ್ಕಿಂತಲೂ ಕೆಳಗಿಳಿದವು. ಮುಂದೆ ಅದು ‘ಜೂಷಾ’, ಅಂದರೆ ದನಿ ಎತ್ತು, ಎಂಬ ದೊಡ್ಡ ಅಭಿಯಾನವಾಯಿತು. ಇದು ಅಪಘಾತದ ಲೆಕ್ಕ, ಕಳ್ಳತನದ್ದಲ್ಲ. ಆದರೂ ಹದಿನಾಲ್ಕು ಜನರಲ್ಲಿ ಒಬ್ಬರು ಬಾಯಿ ಬಿಟ್ಟರೆ ಉಳಿದವರ ಗಂಟಲೂ ತೆರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇರೆ ಕಂಡಿಲ್ಲ.

2018ರ ಡಿಸೆಂಬರ್‌ನಲ್ಲಿ ಮಟಾಟುಗಳನ್ನು ಪೇಟೆಯಿಂದ ಹೊರಗಿಡುವ ಆದೇಶ ಬಂದಾಗ ನ್ಗಾರಾದ ಫಿಗ್ ಟ್ರೀ ನಿಲ್ದಾಣವೂ ಇಳಿಸುವ ಜಾಗಗಳ ಪಟ್ಟಿಯಲ್ಲಿತ್ತು. ಬಸುರಿಯರು, ಮುದುಕರು ಬಿಸಿಲಲ್ಲಿ ನಡೆಯುವುದನ್ನು ಕಂಡ ಮೇಲೆ ಆದೇಶ ಒಂದೇ ದಿನಕ್ಕೆ ಹಿಂದೆ ಸರಿಯಿತು. ನಿಲ್ದಾಣದಿಂದ ಮನೆಯವರೆಗಿನ ದಾರಿಯೂ ಪ್ರಯಾಣವೇ ಎಂಬುದು ಯೋಜನೆಯ ನಕ್ಷೆಯಲ್ಲಿ ಇರಲಿಲ್ಲ. ಆ ಕೊನೆಯ ದಾರಿಯನ್ನು ಈಗ ಬಹುಮಟ್ಟಿಗೆ ಹಿಡಿದಿರುವುದು ಬೋಡಾ ಬೋಡಾ ಎಂಬ ಬಾಡಿಗೆ ಬೈಕುಗಳು. 2022ರ ಮಾರ್ಚ್‌ನಲ್ಲಿ ನ್ಗಾರಾಕ್ಕೆ ತಾಗಿದ ವಂಗಾರಿ ಮಾಥಾಯಿ ರಸ್ತೆಯಲ್ಲಿ ಬೋಡಾ ಸವಾರರ ಗುಂಪೊಂದು ಕಾರಿನಲ್ಲಿದ್ದ ಮಹಿಳೆಯ ಮೇಲೆ ಎರಗಿತು. ಅದರ ವಿಡಿಯೋ ಎಲ್ಲೆಡೆ ಹರಡಿದ ಮೇಲೆ ಅಧ್ಯಕ್ಷ ಉಹುರು ಕೆನ್ಯಾಟಾ ಸವಾರರ ನೋಂದಣಿಗೆ ಆಜ್ಞೆ ಮಾಡಿದರು. ಮತ್ತೆ ಗುರುತು, ಮತ್ತೆ ದಾಖಲೆ, ಮತ್ತೆ ಸಂಘ. ಮಟಾಟು ನಡೆದುಬಂದ ದಾರಿಯೇ. ಒಂದೇ ವ್ಯತ್ಯಾಸ: ರಾತ್ರಿ ಹತ್ತಕ್ಕೆ ಬೋಡಾ ಹತ್ತಿದ ಹುಡುಗಿಯ ಹಿಂದೆ, ಏನಾದರೂ ಆದರೆ ದನಿ ಎತ್ತಲು, ಇನ್ನೊಂದು ಸೀಟು ಇಲ್ಲ.