ಒಂದು ಕಾಸಿನ ಪರಿಹಾರ

ನಮ್ಮ ಭಾಷೆಯ 'ಜೀತ' ಎಂಬ ಮಾತು ಸಂಸ್ಕೃತದ 'ಜೀವಿತ'ದ ತದ್ಭವ. ಬಾಳುವೆಗೆ ಆಧಾರವಾದ ಸಂಬಳ ಎಂಬುದು ಅದರ ಹಳೆಯ ಅರ್ಥ. ಬರಬರುತ್ತ ಅದೇ ಮಾತು ಸಾಲಕ್ಕೆ ಒತ್ತೆಬಿದ್ದವನ ದುಡಿಮೆಗೆ ಹೆಸರಾಯಿತು. ಸಂಬಳವು ದಾಸ್ಯವಾಗಿ ಮಾರ್ಪಡುವ ಈ ಪರಿ ನಮ್ಮ ನಿಘಂಟಿಗೆ ಮಾತ್ರ ಸೇರಿದುದಲ್ಲ. ಗುಲಾಮಗಿರಿ ಕಾನೂನಿನ ಪುಸ್ತಕದಿಂದ ಅಳಿದ ಮೇಲೂ ಅದು ಕರಾರಿನ ವೇಷದಲ್ಲಿ ಉಳಿಯಿತು. ಅಂಥ ದುಡಿಮೆಯ ಫಲವನ್ನು ಕೊಂಡ ವ್ಯಾಪಾರಿಯ ಹೊಣೆ ಎಷ್ಟು? ಇಂಗ್ಲೆಂಡಿನಲ್ಲಿ ನಡೆದ ಒಂದು ಮೊಕದ್ದಮೆಯ ಮೂಲಕ ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಕ್ಯಾಡ್ಬರಿ ಮನೆತನದವರು ಕ್ವೇಕರ್ ಪಂಥದ ಧರ್ಮಭೀರುಗಳು. ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಆ ಪಂಥದವರೂ ಸೇರಿದ್ದರು. ಬರ್ಮಿಂಗ್‌ಹ್ಯಾಮ್ ಸಮೀಪದ ಬೋರ್ನ್‌ವಿಲ್‌ನಲ್ಲಿ 1879ರಲ್ಲಿ ಅವರು ಕಟ್ಟಿದ ಚಾಕೊಲೇಟ್ ಕಾರ್ಖಾನೆ, ಅದರ ಬಳಿ ಎದ್ದ ಕೈತೋಟಗಳ ಮನೆಗಳು, ಆಟದ ಬಯಲುಗಳು ಇಡೀ ಯುರೋಪಿಗೆ ಮಾದರಿಯೆನಿಸಿದ್ದವು. ಆದರೆ ಆ ಕಾರ್ಖಾನೆಗೆ ಬೇಕಾದ ಕೋಕೋದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಫ್ರಿಕದ ಪಶ್ಚಿಮದ ಕಡಲಿನಲ್ಲಿರುವ ಸಾವೊ ಟೊಮೆ, ಪ್ರಿನ್ಸಿಪೆ ಎಂಬ ಪೋರ್ಚುಗೀಸ್ ದ್ವೀಪಗಳಿಂದ ಬರುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರು ಅಂಗೋಲದ ಒಳನಾಡಿನಿಂದ ತಂದ ಜನ. ಕಾಗದದ ಮೇಲೆ ಅವರದು ಐದು ವರ್ಷಗಳ ಕರಾರು. ಅವಧಿ ಮುಗಿದಾಗ ಕರಾರು ತಾನಾಗಿ ಮುಂದುವರಿಯುತ್ತಿತ್ತು. ತಾಯ್ನಾಡಿಗೆ ಮರಳಿದವರು ಇಲ್ಲವೆನ್ನುವಷ್ಟು ವಿರಳ.

1901ರಲ್ಲಿ ಆ ದ್ವೀಪದ ತೋಟವೊಂದರ ಮಾರಾಟದ ಪಟ್ಟಿ ವಿಲಿಯಂ ಕ್ಯಾಡ್ಬರಿಯ ಕೈಸೇರಿತು. ಅದರಲ್ಲಿ ತೋಟದ ಆಸ್ತಿಗಳ ಸಾಲಿನಲ್ಲೇ ಇನ್ನೂರು ಮಂದಿ ಕಪ್ಪು ಕೂಲಿಗಳೆಂದು ಬರೆದು, ಅವರಿಗೆ 3,555 ಪೌಂಡ್ ಬೆಲೆ ಕಟ್ಟಲಾಗಿತ್ತು. ವಿಲಿಯಂ ಸುಮ್ಮನಿರಲಿಲ್ಲ. 1903ರಲ್ಲಿ ಲಿಸ್ಬನ್ನಿಗೆ ಹೋಗಿ ವಿಚಾರಿಸಿದನು. ತೋಟಗಾರರು ಆರೋಪವನ್ನು ಅಲ್ಲಗಳೆದರು. 1905ರಲ್ಲಿ ಜೋಸೆಫ್ ಬರ್ಟ್ ಎಂಬವನನ್ನು ದ್ವೀಪಗಳಿಗೂ ಅಂಗೋಲಕ್ಕೂ ಕಳುಹಿಸಿದನು. ಅಷ್ಟರಲ್ಲಿ ಪತ್ರಕರ್ತ ಹೆನ್ರಿ ನೆವಿನ್ಸನ್ ಸ್ವತಃ ಅಂಗೋಲದ ದಾರಿಗಳನ್ನು ತುಳಿದು ಬಂದು, ಕಂಡದ್ದನ್ನು 1906ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದನು. 1907ರಲ್ಲಿ ಬರ್ಟನ ವರದಿಯೂ ಬಂತು. ಇಷ್ಟಾದರೂ ಕೋಕೋ ಖರೀದಿ ನಿಲ್ಲಲಿಲ್ಲ. ಕೊಳ್ಳುವವನ ಮಾತಿಗೆ ಬೆಲೆಯಿದೆ, ವ್ಯಾಪಾರ ಬಿಟ್ಟರೆ ಆ ಮಾತೂ ಹೋಗುತ್ತದೆ ಎಂಬುದು ಕಂಪನಿಯ ವಾದ. ಸ್ವಲ್ಪ ತಾಳಿರಿ ಎಂದು ಸರಕಾರದ ವಿದೇಶಾಂಗ ಇಲಾಖೆಯೂ ಹೇಳುತ್ತಿತ್ತು.

1908ರಲ್ಲಿ 'ಸ್ಟ್ಯಾಂಡರ್ಡ್' ಪತ್ರಿಕೆ ಈ ಕಂಪನಿಯನ್ನು ಆಷಾಢಭೂತಿಯೆಂಬ ಅರ್ಥ ಬರುವಂತೆ ಕಟುವಾಗಿ ಟೀಕಿಸಿತು. ಅದರ ಹಿಂದೆ ರಾಜಕೀಯ ದ್ವೇಷವೂ ಇತ್ತೆನ್ನಬೇಕು. ಕ್ಯಾಡ್ಬರಿಯವರು ಮಾನನಷ್ಟದ ದಾವೆ ಹೂಡಿದರು. ವಿಚಾರಣೆಗೆ ಮೊದಲೇ, 1909ರ ಮಾರ್ಚಿಯಲ್ಲಿ, ಸಾವೊ ಟೊಮೆಯ ಕೋಕೋವನ್ನು ಕೈಬಿಟ್ಟರು. ಫ್ರೈ, ರೌನ್‌ಟ್ರೀ ಕಂಪನಿಗಳೂ ಜೊತೆಗೂಡಿದವು. ವರ್ಷದ ಕೊನೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಮೊಕದ್ದಮೆ ನಡೆಯಿತು. 1901ರಿಂದ 1908ರವರೆಗೆ ನಿಮ್ಮ ಕೋಕೋಗಾಗಿ ಪ್ರಾಣಬಿಟ್ಟ ಗುಲಾಮರೆಷ್ಟು ಎಂದು ಲೆಕ್ಕಹಾಕಿದ್ದೀರಾ ಎಂದು ಪತ್ರಿಕೆಯ ವಕೀಲ ಎಡ್ವರ್ಡ್ ಕಾರ್ಸನ್ ಕೇಳಿದಾಗ, ಇಲ್ಲವೆನ್ನುವುದರ ಹೊರತು ವಿಲಿಯಂಗೆ ಉತ್ತರವಿರಲಿಲ್ಲ. ಜ್ಯೂರಿ ಕ್ಯಾಡ್ಬರಿಯವರ ಪರವಾಗಿಯೇ ತೀರ್ಪಿತ್ತಿತು. ಆದರೆ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್: ಪೆನ್ನಿಯ ಕಾಲುಭಾಗ, ನಮ್ಮ ಮಾತಿನಲ್ಲಿ ಒಂದು ಕಾಸು.

ವಿಲಿಯಂ ಕ್ಯಾಡ್ಬರಿಯನ್ನು ದುರುಳನೆನ್ನಲು ನನಗೆ ಮನಸ್ಸಿಲ್ಲ. ಅವನಷ್ಟೂ ವಿಚಾರಿಸದ ವ್ಯಾಪಾರಿಗಳೇ ಹೆಚ್ಚು. ವಿಚಾರಣೆಯೇ ಆಚರಣೆಯೆಂದು ತಿಳಿದದ್ದು ಅವನ ತಪ್ಪು. ಅವನು ಸಾಕ್ಷ್ಯ ಕೂಡಿಸುತ್ತಿದ್ದ ಎಂಟು ವರ್ಷಗಳೂ ತೋಟದ ಕೂಲಿಗೆ ಬಾಳಿನ ವರ್ಷಗಳೇ ಆಗಿದ್ದವು.

ಮುಂದಿನ ಕಾನೂನುಗಳು ಈ ಪಾಠವನ್ನು ಎಷ್ಟು ಕಲಿತವು? 2015ರಲ್ಲಿ ಬ್ರಿಟನ್ ಆಧುನಿಕ ಗುಲಾಮಗಿರಿಯ ವಿರುದ್ಧ ಶಾಸನ ಮಾಡಿತು. 3 ಕೋಟಿ 60 ಲಕ್ಷ ಪೌಂಡಿಗೆ ಕಡಿಮೆಯಿಲ್ಲದ ವಹಿವಾಟುಳ್ಳ ಕಂಪನಿಗಳು, ತಮ್ಮಲ್ಲಿಯೂ ತಮಗೆ ಸರಕು ಒದಗಿಸುವವರಲ್ಲಿಯೂ ದಾಸ್ಯವನ್ನು ತಡೆಯಲು ಕೈಗೊಂಡ ಕ್ರಮಗಳನ್ನು ವರ್ಷವರ್ಷವೂ ಪ್ರಕಟಿಸಬೇಕು. ಆದರೆ ಯಾವ ಕ್ರಮವನ್ನೂ ಕೈಗೊಂಡಿಲ್ಲವೆಂದು ಬರೆದುಕೊಟ್ಟರೂ ಆ ವಿಧಿ ಪಾಲನೆಯಾದಂತೆಯೇ! ಇದಕ್ಕಿಂತ ನೇರವಾದ ಮಾತನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1982ರಲ್ಲಿಯೇ ಆಡಿತ್ತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದವರ ಮೊಕದ್ದಮೆ ಅದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆ ಎಂದೂ, ಗುತ್ತಿಗೆದಾರನನ್ನು ಮುಂದುಮಾಡಿ ಸರಕಾರ ತನ್ನ ಹೊಣೆಯಿಂದ ಜಾರಿಕೊಳ್ಳಲಾಗದೆಂದೂ ಅದು ತೀರ್ಮಾನಿಸಿತು.

ಕೊನೆಗೆ ನನ್ನದೂ ಒಂದು ಲೆಕ್ಕ ಒಪ್ಪಿಸಬೇಕಾಗಿದೆ. 1933ರಲ್ಲಿ ಪ್ರಕಟವಾದ ಕಾರಂತರ 'ಚೋಮನ ದುಡಿ'ಯನ್ನು ಎಷ್ಟೋ ವರ್ಷ ತರಗತಿಯಲ್ಲಿ ಪಾಠಹೇಳಿದವನು ನಾನು. ಸಾಲ ತೀರಿಸಲೆಂದು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವ ಭಾಗ ಬಂದಾಗ, ಭೂಮಿ ಕೊಡದ ಒಡೆಯನನ್ನು ಕುರಿತು, ಸಾಲದ ಕುಣಿಕೆಯನ್ನು ಕುರಿತು ವಿದ್ಯಾರ್ಥಿಗಳೊಡನೆ ಗಂಟೆಗಟ್ಟಲೆ ಚರ್ಚಿಸಿದ್ದೇನೆ. ಆ ತೋಟದ ಕಾಫಿಯನ್ನು ಕೊಂಡವರು ಯಾರು ಎಂದು ಒಮ್ಮೆಯಾದರೂ ಕೇಳಲಿಲ್ಲ. ಪಾಠ ಮುಗಿದ ಮೇಲೆ ಅಧ್ಯಾಪಕರ ಕೊಠಡಿಯಲ್ಲಿ ನನಗಾಗಿ ಕಾಫಿ ಕಾದಿರುತ್ತಿತ್ತು. ಕಾರ್ಸನ್ ಕೇಳಿದ ಪ್ರಶ್ನೆ ವಿಲಿಯಂ ಒಬ್ಬನಿಗೇ ಹಾಕಿದ್ದಲ್ಲವೆಂದು ಈಗ ಅನ್ನಿಸುತ್ತಿದೆ.